ಗೋಡೆ ನೋಡಲು ಉದಗೀರಕ್ಕೆ

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹೆಣ್ಣಿನವರು ಹೋಗಿ ಗಂಡಿನ ಮನೆ ನೋಡಿ ಬರುವ ಪದ್ಧತಿ. ಮೊದಲೆಲ್ಲ ಎರಡು ಮೊಳ ದಪ್ಪದ ಕಲ್ಲುಗೋಡೆ ಕಂಡರೆ ಹಿರಿಯರು ಅಂಗೈಯಿಂದ ತಟ್ಟಿ ನೋಡಿ, "ಖಾನದಾನಿ ಮಂದಿ" ಎಂದು ತಲೆದೂಗುತ್ತಿದ್ದರು. ಭೂಕಂಪವಾದ ಮೇಲೆ ಅದೇ ಗೋಡೆ ಕಂಡರೆ ಅರ್ಧ ಕಪ್ ಚಹಾ ಬಿಟ್ಟು ಎದ್ದು ಬರುವಂತಾಯಿತು. ನನ್ನ ತಂಗಿಗೆ ಬಂದ ಮೂರು ಸಂಬಂಧಗಳನ್ನು ನಾನು ಹೀಗೆ ಎದ್ದು ಬಂದೇ ಕೆಡಿಸಿದ್ದೆ.

"ಮಂದಿ ಮಸರಾಗ ಕಲ್ಲು ಹುಡುಕ್ತಾರ, ನೀ ಗ್ವಾಡ್ಯಾಗ ಹುಡುಕ್ತಿ" ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಿದ್ದರು. ಮಾಡಲಿ. ಅವರ ಊರೇನು ಸಾಸ್ತೂರವೇ?

ಸಾಸ್ತೂರ ನನ್ನ ತವರು. ಮದುವೆಯಾದ ಹೊಸದರಲ್ಲಿ ಹಬ್ಬಕ್ಕೆಂದು ಹೋಗಿದ್ದೆ. ನಸುಕಿನಲ್ಲಿ ಬಚ್ಚಲಿಗೆಂದು ಎದ್ದು ಅಂಗಳಕ್ಕೆ ಬಂದವಳು ಉಳಿದೆ; ಒಳಗಿದ್ದ ಅಪ್ಪ, ಅವ್ವ, ಎಂಟು ವರ್ಷದ ತಂಗಿ, ಭೂಮಿ ನಡುಗಿ ಮೂವರ ಮೇಲೂ ಮನೆ ಬಿತ್ತು. ಕಲ್ಲು ಮಣ್ಣಿನ ಸಂದಿಯಲ್ಲಿ ತಂಗಿಯ ಒಂದು ಕೈ ಸಿಕ್ಕಿತು. ಮಧ್ಯಾಹ್ನ ಮಂದಿ ಬಂದು ಅವಳನ್ನು ಎಳೆದು ತೆಗೆಯುವವರೆಗೆ ನಾನು ಆ ಕೈ ಬಿಡಲಿಲ್ಲ. ಅಪ್ಪ ಅವ್ವ ಉಳಿಯಲಿಲ್ಲ. ತಂಗಿಯನ್ನು ಗಂಡನ ಊರು ತುರೋರಿಗೆ ಕರೆತಂದು, ನಮ್ಮ ಕಿರಾಣಿ ಅಂಗಡಿಯ ಹಿಂದಿನ ತಗಡಿನ ಮನೆಯಲ್ಲಿ ಬೆಳೆಸಿದೆ. ಹೆದ್ದಾರಿಯಲ್ಲಿ ಲಾರಿ ಹೋದಾಗಲೆಲ್ಲ ನೆಲ ನಡುಗುತ್ತದೆ. ಹದಿಮೂರು ವರ್ಷವಾದರೂ ನಾನು ಪ್ರತಿ ಸಲ ತಲೆ ಎತ್ತಿ ಸೂರು ನೋಡುತ್ತಿದ್ದೆ. ತಗಡು ಬಿದ್ದರೆ ಏನಾದೀತು, ಹೆಚ್ಚೆಂದರೆ ಗಾಯ.

ನಾಲ್ಕನೆಯ ಸಂಬಂಧ ಉದಗೀರದಿಂದ ಬಂತು. ಅಡತಿ ಅಂಗಡಿಯವರು, ತೊಗರಿ, ಕಡಲೆ ಕೊಂಡು ಮಾರುವವರು. ನಮ್ಮ ಹಾಗೆಯೇ ಲಿಂಗ ಕಟ್ಟುವವರು. ಹುಡುಗನ ಫೋಟೋ ಚೆನ್ನಾಗಿತ್ತು. ಮನೆ ಎಲ್ಲಿ ಎಂದರೆ, ಕೋಟೆಯ ಹತ್ತಿರ, ಹಳೆಯ ಕಲ್ಲಿನ ವಾಡೆ ಎಂದರು. ನಾನು ಫೋಟೋ ಅಲ್ಲಿಯೇ ಮಗುಚಿ ಇಟ್ಟೆ.

ಎಂದೂ ಏನೂ ಬೇಡದ ತಂಗಿ ಅವತ್ತು ಬಾಯಿ ಬಿಟ್ಟಳು. "ಅಕ್ಕಾ, ಕ್ವಾಟಿಯರೆ ನೋಡಿ ಬರೂಣು." ಗಂಡಿನ ಮನೆಯವರೂ ಹಾಗೇ ಹೇಳಿ ಕಳಿಸಿದ್ದರು: ಊರು ನೋಡಿರಿ, ಕೋಟೆ ನೋಡಿರಿ, ಆಮೇಲೆ ಮನೆಗೆ ಬಂದು ಚಹಾ ಕುಡಿಯಿರಿ ಎಂದು. ಒಲ್ಲೆನೆಂದು ಆಗಲೇ ಗಟ್ಟಿ ಮಾಡಿಕೊಂಡು ನಾನು ಗಂಡ, ತಂಗಿಯೊಂದಿಗೆ ಹೊರಟೆ.

ಹತ್ತಿರದ ಉಮರ್ಗಾದಿಂದ ನಿಲಂಗಾ ಬಸ್ಸು. ಬಾಗಿಲ ಪಕ್ಕದ ಸೀಟು ಹಿಡಿದೆ. ನಿಲಂಗಾದಲ್ಲಿ ಮುಂದಿನ ಬಸ್ಸಿಗೆ ಒಂದು ತಾಸು ಇತ್ತು. ಅಲ್ಲಿಯ ಹಳೆಯ ಕಲ್ಲುಗುಡಿ ನೋಡೋಣವೆಂದು ತಂಗಿ ಮುಂದೆ ನಡೆದಳು. ಹೊರಗೋಡೆಯ ಮೇಲೆಲ್ಲ ಕೆತ್ತಿದ ಬೊಂಬೆಗಳು. ಒಂದೊಂದರ ಮುಂದೆಯೂ ನಿಂತು ಅದರ ಜಡೆ, ಕಡಗ ನೋಡಿದಳು. ಒಳಗೆ ಹೋಗುವ ಹೊತ್ತಿಗೆ ನಾನು ಅವರಿಬ್ಬರ ಚಪ್ಪಲಿ ಕಾಯುವವಳಾಗಿ ಹೊರಗುಳಿದೆ.

"ಇಷ್ಟ ವರ್ಷ ನಿಂತ ಗುಡಿ, ನೀ ಕಾಲಿಟ್ಟ ಕೂಡ್ಲೇ ಬೀಳ್ತದೇನ?" ಎಂದು ಗಂಡ ಕೇಳಿದರು.

"ನಮ್ಮ ಮನೀನೂ ಭಾಳ ವರ್ಷ ನಿಂತಿತ್ರಿ" ಎಂದೆ. ಅವರು ಚಪ್ಪಲಿ ಬಿಟ್ಟು ಒಳಗೆ ನಡೆದರು. ತಂಗಿ ಹೊರಗೆ ಬಂದು, ಬೆರಳಲ್ಲಿ ತಂದ ವಿಭೂತಿಯನ್ನು ನನ್ನ ಹಣೆಗೆ ಹಚ್ಚಿದಳು.

ಉದಗೀರದ ಕೋಟೆ ಬಾಗಿಲಲ್ಲಿ ಹುಡುಗ ತನ್ನ ಅಜ್ಜಿಯೊಂದಿಗೆ ಕಾಯುತ್ತಿದ್ದ. ಹುಡುಗ ಮಿತಭಾಷಿ, ಅಜ್ಜಿ ಅವನ ಪಾಲಿನದನ್ನೂ ಸೇರಿಸಿ ಮಾತಾಡುವವರು. ಕಂದಕ, ಒಂದರ ಹಿಂದೊಂದು ಬಾಗಿಲು, ನೆಲದ ಕೆಳಗಿನ ಸಮಾಧಿ, ದರ್ಬಾರು ನಡೆಯುತ್ತಿದ್ದ ಜಾಗ, ಎಲ್ಲ ತೋರಿಸಿದರು. ತಂಗಿ ಕೇಳಿದ್ದಕ್ಕೆ ಹುಡುಗ ಸಣ್ಣ ದನಿಯಲ್ಲಿ ಉತ್ತರ ಹೇಳುತ್ತಿದ್ದ. ಅವಳು ಅಷ್ಟು ಪ್ರಶ್ನೆ ಕೇಳುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ನಾನು ನೋಡಿದ್ದು ಬಿರುಕುಗಳನ್ನು. ಯಾವ ಕಮಾನಿನಡಿ ಎಷ್ಟು ಹೆಜ್ಜೆ, ಬಯಲು ಯಾವ ಕಡೆಗಿದೆ, ಇದೇ ಲೆಕ್ಕ. ಕುಂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಅಷ್ಟರಲ್ಲಿ ತಂಗಿ ಕಾಣಲಿಲ್ಲ. ಬುರುಜಿನ ಒಳಮೆಟ್ಟಿಲು ಹತ್ತಿ ಹೋಗಿದ್ದಳು. ಕತ್ತಲು, ಒಬ್ಬರೇ ಹಿಡಿಸುವ ದಾರಿ. ಅದರ ಬಾಯಲ್ಲಿ ನಿಂತು ನಾನು ಕಿರುಚಿದ್ದು ಕೋಟೆಗೆಲ್ಲ ಕೇಳಿಸಿರಬೇಕು. ಒಳಗೆ ಒಂದು ಹೆಜ್ಜೆ ಇಡಲು ಕಾಲು ಬರಲಿಲ್ಲ. ಅವಳು ದಡದಡ ಇಳಿದು ಬಂದಳು. ಎಲ್ಲರೆದುರು ಅವಳ ಮಣಿಕಟ್ಟು ಹಿಡಿದು, "ನಡಿ ಮನಿಗಿ. ಸಾಕಾಯ್ತು ನೋಡಿದ್ದು" ಎಂದು ಜಗ್ಗಿದೆ.

ಅವಳು ಅಲ್ಲಾಡಲಿಲ್ಲ. ನನಗೊಬ್ಬಳಿಗೇ ಕೇಳುವಂತೆ ಹೇಳಿದಳು: "ಕಲ್ಲಿನ ಬುಡಕಿಂದ ತೆಗದಿ ಅಕ್ಕಾ, ಸಾಯೂತನಕ ನೆನಸ್ತೀನಿ. ಖರೆ ನಿನ್ನ ಕೈಯಾಗಿಂದ ನನ್ನ ಯಾರು ತೆಗೀಬೇಕು?"

ಮೊದಲು ಸಿಟ್ಟು ಬಂತು. ಸಾಕಿದ್ದಕ್ಕೆ ಇದೇ ಏನು ಎಂದುಕೊಂಡೆ. ಆಮೇಲೆ ಅವಳ ಮಣಿಕಟ್ಟು ನೋಡಿದೆ. ಬಳೆ ಒತ್ತಿ ಕೆಂಪಾಗಿತ್ತು. ಬಿಟ್ಟೆ. ಬಿಟ್ಟ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡೆ. ಏನೂ ಆಗಿಲ್ಲವೆಂಬಂತೆ ಅಜ್ಜಿ, "ಬಿಸಲು ಭಾಳ ಅದ, ಮನಿಗಿ ಬರ್ರಿ" ಎಂದರು.

ವಾಡೆ ನಾನು ಹೆದರಿದ್ದಕ್ಕಿಂತ ದೊಡ್ಡದಿತ್ತು. ದೊಡ್ಡ ಬಾಗಿಲು ದಾಟಿದರೆ ತೆರೆದ ಅಂಗಳ, ಸುತ್ತ ಕಲ್ಲುಗೋಡೆ. ಎಲ್ಲರೂ ಪಡಸಾಲೆಗೆ ಹೋದರೂ ನಾನು ಅಂಗಳದಲ್ಲೇ ನಿಂತು, ಕಲ್ಲಿಗೂ ಕಲ್ಲಿಗೂ ನಡುವೆ ಮಣ್ಣಿದೆಯೋ ಸಿಮೆಂಟಿದೆಯೋ ನೋಡುತ್ತಿದ್ದೆ.

"ಬಂದಾಗಿಂದ ಗ್ವಾಡೀನೇ ನೋಡ್ಲಾಕತ್ತೀದಿ, ಯವ್ವಾ. ನಮ್ಮ ಹುಡುಗಗ ಯಾವಾಗ ನೋಡ್ತಿ?" ಎಂದರು ಅಜ್ಜಿ. ಎಲ್ಲರೂ ನಕ್ಕರು.

ಮುಖ ಮರೆಸಲು ನಾನು ಅತ್ತ ತಿರುಗಿದೆ. ಅಂಗಳದ ಮೂಲೆಯಲ್ಲಿ ತಾಡಪತ್ರಿ ಹೊದಿಸಿದ ಗುಡ್ಡೆ. ಕಾಳಿನ ಚೀಲ ಇರಬೇಕೆಂದುಕೊಂಡೆ. ಅಂಚು ಗಾಳಿಗೆ ಹಾರಿದಾಗ ಕಂಡದ್ದು ಮಂಚದ ಕಾಲುಗಳು. ಐದು ಮಂಚ, ಮೇಲೆ ಸುತ್ತಿಟ್ಟ ಐದು ಹಾಸಿಗೆ. ಆ ಮನೆಯಲ್ಲಿ ಇದ್ದವರೂ ಐದೇ ಮಂದಿ.

"ಇಲ್ಲಿ ಯಾರ್ ಮಲಗ್ತಾರ, ಆಯೀ?"

ಅಷ್ಟು ಮಾತಿನ ಅಜ್ಜಿ ಹಾರಿದ ಅಂಚನ್ನು ಮತ್ತೆ ಮುಚ್ಚಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಎಲ್ಲಾರೂ. ಅವತ್ತಿನಿಂದ ಒಬ್ಬರೂ ಒಳಗ ಮಲಗಿಲ್ಲ. ಮಳಿ ಬಂದ್ರ ಬಾಗಲ ಹತ್ರ ಜಗ್ಗಿಕೋತೀವಿ. ನೀವು ಬರ್ತೀರಂತ ಮುಚ್ಚಿಟ್ಟೀವಿ ನೋಡು. ಪುಕ್ಕಲು ಮಂದಿ ಅಂತ ಹೆಣ್ಣು ಕೊಡಲ್ದಂಗ ಆಗಬಾರ್ದಂತ."

ನನಗೆ ನಗು ಬಂತು. ನಗುತ್ತ ನಗುತ್ತ ಅತ್ತುಬಿಟ್ಟೆ. ಹದಿಮೂರು ವರ್ಷ ನಾನೊಬ್ಬಳೇ ಹುಚ್ಚಿ ಎಂದುಕೊಂಡಿದ್ದೆ. ಅಜ್ಜಿ ತಾಡಪತ್ರಿ ಎಳೆದು ಒಂದು ಮಂಚ ಹಾಕಿದರು. ಇಬ್ಬರೂ ಅದರ ಮೇಲೆ ಕುಳಿತೆವು. ನನ್ನ ಚಹಾ ಅಲ್ಲಿಗೇ ಬಂತು, ಪೂರ್ತಿ ಕುಡಿದೆ.

"ಹಂಗಾರ ಏನಂತಿ?" ಎಂದು ಅಜ್ಜಿ ಕೇಳಿದರು.

ನಾನು ಪಡಸಾಲೆಯತ್ತ ನೋಡಿದೆ. ತಂಗಿ ಒಳಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು, ಕಲ್ಲಿಗೆ ತಲೆ ಆನಿಸಿ. ಹುಡುಗ ಹೊಸ್ತಿಲಲ್ಲಿ ತಡವರಿಸಿ, ಆಮೇಲೆ ಹೋಗಿ ಎದುರಿಗೆ ಕುಳಿತ. ತಂಗಿ ನನ್ನ ಕಡೆ ತಿರುಗಿದಳು. ಕರೆದರೆ ಎದ್ದು ಬರುತ್ತಿದ್ದಳು, ಅದು ನನಗೆ ಗೊತ್ತು.

"ಅಕ್ಕಾ, ಬರ್ಲೇನು?" ಎಂದು ಕೇಳಿದಳು.

"ಕುಂದ್ರು" ಎಂದೆ. "ನಾ ಇಲ್ಲೇ ಇದ್ದೀನಿ."