ರವೆ ದೋಸೆಗೆ ಬಿಲ್ ಹಾಕದ ದಿನ

ಕಳೆದ ತಿಂಗಳು ಬೀಚ್ ಸ್ಟೇಷನ್ನಿನಲ್ಲಿ ತಾಂಬರಂ ರೈಲು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಪಾರ್ಕ್ ಸ್ಟೇಷನ್ನಿನಲ್ಲಿ ಆರೇಳು ಹುಡುಗಿಯರು ಹತ್ತಿದರು. ಒಬ್ಬಳ ಹೆಗಲಲ್ಲಿ ಬಲೆಚೀಲ, ಅದರಲ್ಲಿ ವಾಲಿಬಾಲ್. ಇನ್ನೊಬ್ಬಳು ಬಾಗಿಲ ಹತ್ತಿರ ಕಂಬಕ್ಕೆ ಒರಗಿ, ಚಡ್ಡಿಯ ಕೆಳಗೆ ಮೊಣಕಾಲಿಗೆ ನೋವಿನ ಸ್ಪ್ರೇ ಹೊಡೆದುಕೊಂಡಳು. ಆ ವಾಸನೆ ನಿಮಗೂ ಗೊತ್ತಿರುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ, ಜೊತೆಗೆ ಬೆವರು. ನಾನು ಎದ್ದು ಅವಳಿಗೆ ಸೀಟು ಬಿಟ್ಟೆ. 'ಪರವಾಯಿಲ್ಲ ಅಂಕಲ್' ಎಂದಳು. ಕೂರು ಎಂದು ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟೆ. ಪಾಪ, ಹೆದರಿ ಕೂತಳು.

ನನ್ನ ತಂಗಿ ಸುಮತಿಯ ಮೈಯಲ್ಲಿ ಹಲವು ವರ್ಷ ಇದೇ ವಾಸನೆ ಇತ್ತು.

ನಾವು ಕುಂದಾಪುರದ ಕಡೆಯವರು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಮಿಳರ ಈ ಶಹರಕ್ಕೆ ಬಂದು, ಪ್ಯಾರೀಸ್ ಕಾರ್ನರಿನ ಹತ್ತಿರ ನಮ್ಮ ಊರಿನವರದೇ ಒಂದು ಹೋಟೆಲಿನಲ್ಲಿ ಅಡುಗೆಗೆ ನಿಂತೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ಸುಮತಿಯನ್ನೂ ಕರೆಸಿಕೊಂಡೆ. ಅವಳು ಕಾರ್ಪೊರೇಷನ್ ಶಾಲೆಯಲ್ಲಿ ತಮಿಳಿನಲ್ಲಿ ಓದಿದಳು. ಓದಿದ್ದಕ್ಕಿಂತ ಎತ್ತರ ಬೆಳೆದದ್ದೇ ಹೆಚ್ಚು. ನಮ್ಮ ಮನೆಯ ಬಾಗಿಲಿಗೆ ಅವಳ ಹಣೆ ತಾಗದ ವಾರವಿಲ್ಲ. 'ಮನೆ ಬಾಗ್ಲ್ ಗಿಡ್ಡ, ನಾ ಎಂತ ಮಾಡುದ್' ಎಂದು ಅಮ್ಮನಿಗೆ ಉತ್ತರ ಕೊಡುತ್ತಿದ್ದಳು. ಸಂಜೆ ತಾರಸಿಯ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಕೆಳಗಿನ ಮನೆಯ ಪಾಟಿ, ಅಂದರೆ ಅಜ್ಜಿ, ಮೊದಮೊದಲು ಬೈದು, ಆಮೇಲೆ ಸದ್ದು ಕೇಳದ ದಿನ ಬಂದು 'ಹುಡುಗಿಗೆ ಜ್ವರವಾ' ಎಂದು ವಿಚಾರಿಸುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಕ್ರೋಂಪೇಟೆಯ ಕಡೆ ಒಂದು ಕಾಲೇಜು ಅವಳನ್ನು ಆಟದ ಕೋಟಾದಲ್ಲಿ ಸೇರಿಸಿಕೊಂಡಿತು. ಕಾಲೇಜಿನ ಹೆಸರು ಬೇಡ. ಫೀಸಿಲ್ಲ, ಹಾಸ್ಟೆಲ್ಲು, ಮೂರು ಹೊತ್ತು ಊಟ, ವಾರಕ್ಕೆರಡು ದಿನ ಮೊಟ್ಟೆ. ಅಮ್ಮ ಮೊಟ್ಟೆಯೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ದೇವರಿಗೆ ಕೈ ಮುಗಿದಳು.

ಆ ಎರಡೂವರೆ ವರ್ಷ ನೆನೆದರೆ ಈಗಲೂ ಎದೆ ಹಗುರಾಗುತ್ತದೆ. ಮ್ಯಾಚ್ ಇದ್ದ ದಿನ ನಾನೂ ಕಾಫಿ ಮಾಸ್ಟರ್ ಶೀನಣ್ಣನೂ ಮಧ್ಯಾಹ್ನದ ಗಿರಾಕಿ ಮುಗಿಸಿ, ತಂಡಕ್ಕೆಲ್ಲ ಇಡ್ಲಿ ಸಾಂಬಾರು ಕಟ್ಟಿಕೊಂಡು ರೈಲು ಹತ್ತುತ್ತಿದ್ದೆವು. ಕ್ರೋಂಪೇಟೆಯಲ್ಲಿ ಇಳಿದರೆ ಹದ ಮಾಡುವ ತೊಗಲಿನ ವಾಸನೆ. ಶೀನಣ್ಣ ಮೂಗು ಮುಚ್ಚಿಕೊಂಡು 'ಈ ನಾತಕ್ಕೇ ಕಾಣ್ ಎದ್ರ್ ಟೀಮಿನವ್ರ್ ಸೋಲುದ್' ಎನ್ನುತ್ತಿದ್ದ. ಸುಮತಿ ಬಲೆಯ ಮೇಲೆ ಎದ್ದು ಹೊಡೆದರೆ ನಾನಾಗಿ ಕೂಗುತ್ತಿರಲಿಲ್ಲ. ನನಗೆ ಆಟದ ನಿಯಮವೇ ತಿಳಿಯುತ್ತಿರಲಿಲ್ಲ. ಶೀನಣ್ಣ ಕೂಗಿದಾಗ ಕೂಗುತ್ತಿದ್ದೆ, ಅವನು ಸಲ ಸಲಕ್ಕೂ ತಪ್ಪಾಗಿ ಕೂಗುತ್ತಿದ್ದ. ಕಾಲೇಜಿನ ಗೇಟಿನ ಹೊರಗೆ ದೊಡ್ಡ ಬ್ಯಾನರು. ಅದರಲ್ಲಿ ಗಾಳಿಯಲ್ಲಿರುವ ನನ್ನ ತಂಗಿ, ಕೆಳಗೆ 'ಪ್ರವೇಶ ಆರಂಭ' ಎಂದು ತಮಿಳಿನಲ್ಲಿ. ಅದರ ಮುಂದೆ ನಿಂತು ದಾರಿಹೋಕರ ಮುಖ ನೋಡುವುದು ನನಗೊಂದು ಚಟ.

ಮೂರನೇ ವರ್ಷದ ಫೈನಲ್ಲಿನಲ್ಲಿ ಅವಳ ಬಲಮೊಣಕಾಲು ತಿರುಚಿತು. ಅವರ ಪಿ.ಟಿ. ಮಾಸ್ಟರ್ ಸ್ಪ್ರೇ ಹೊಡೆದು, ಬಿಗಿಯಾಗಿ ಪಟ್ಟಿ ಸುತ್ತಿ, ಇನ್ನೂ ಎರಡು ಸೆಟ್ ಆಡಿಸಿದರು. ಕಾಲೇಜಿಗೆ ಕಪ್ ಬಂತು. ಮರುದಿನ ಮೊಣಕಾಲು ಹಲಸಿನ ಕಾಯಿಯ ಹಾಗೆ ಊದಿತ್ತು. ಇನ್ನು ಆಡಲಾರಳು ಎಂದು ತಿಳಿದ ಮೇಲೆ ಒಂದು ತಿಂಗಳು ತಡೆದರು. ಆಮೇಲೆ ಹಾಸ್ಟೆಲ್ ಖಾಲಿ ಮಾಡು, ಉಳಿದ ಅರ್ಧ ವರ್ಷದ ಫೀಸು ಕಟ್ಟು ಎಂದರು. ಮೊಣಕಾಲಿನ ಮಾತನ್ನು ಯಾರೂ ಎತ್ತಲಿಲ್ಲ.

ತಂಡದ ಕ್ಯಾಪ್ಟನ್ ಸೆಲ್ವಿ ಎಂಬ ಹುಡುಗಿ ಒಂದು ಅರ್ಜಿ ಬರೆದಳು. ಸುಮತಿಯ ಕಾಲಿಗೆ ಕಾಲೇಜೇ ಚಿಕಿತ್ಸೆ ಕೊಡಿಸಬೇಕು, ಪದವಿ ಮುಗಿಯುವ ತನಕ ಸೀಟು ಇರಬೇಕು, ಇಲ್ಲದಿದ್ದರೆ ಮುಂದಿನ ಪಂದ್ಯಕ್ಕೆ ಯಾರೂ ಇಳಿಯುವುದಿಲ್ಲ. ಹುಡುಗಿಯರೆಲ್ಲ ಸಹಿ ಹಾಕಿದ್ದರು. ಮನೆಯವರದೊಂದು ಬೇಕಿತ್ತು. ಸುಮತಿ ಕುಂಟುತ್ತ ಹೋಟೆಲಿಗೆ ಬಂದು, ಹಿಂದಿನ ಬಾಗಿಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಅರ್ಜಿ ಓದಿ ಹೇಳಿದಳು.

ಹೋಟೆಲಿನ ಜನಕ್ಕೆ ಒಂದು ಪಾಠ ಹೊಟ್ಟೆಯಲ್ಲೇ ಇರುತ್ತದೆ. ಉಣ್ಣಲು ಹಾಕಿದವರ ಹತ್ತಿರ ಇನ್ನೇನನ್ನೂ ಬಾಯಿಬಿಟ್ಟು ಕೇಳಬಾರದು. ಧಣಿ ಕೊಟ್ಟಾಗ ತೆಗೆದುಕೊಳ್ಳಬೇಕು. ನಾನು ಅದನ್ನೇ ಹೇಳಿದೆ.

'ಮೂರ್ ಹೊತ್ತ್ ಅನ್ನ ಹಾಕಿದ್ರಲೆ ಅವ್ರ್. ಅವ್ರೆದ್ರ್ ಹೋಯಿ ಕೈ ಚಾಚುದಾ?'

'ಚಾಚುದಲ್ಲ ಅಣ್ಣ, ಕೇಂಬುದ್. ನಿನ್ ಕಾಲಿಗ್ ಎಣ್ಣೆ ಬಿದ್ದಾಗ ಧಣಿ ಎಂತ ಮಾಡಿದ್ರ್?'

ಹಿಂದಿನ ವರ್ಷ ಬಾಣಲೆ ಮಗುಚಿ ನನ್ನ ಪಾದ ಸುಟ್ಟಿತ್ತು. ಧಣಿ ತಾವೇ ಆಸ್ಪತ್ರೆಗೆ ಒಯ್ದು, ಮಲಗಿದಷ್ಟು ದಿನವೂ ಸಂಬಳ ಕೊಟ್ಟಿದ್ದರು.

'ಅದ್ ಕೆಲ್ಸ ಮಾರಾಯ್ತಿ. ನಿಂದ್ ಆಟ.'

'ನಾಲ್ಕ್ ಗಂಟೆಗ್ ಎದ್ದ್ ಓಡುದ್ ಆಟ ಆದ್ರೆ, ನೀ ನಾಲ್ಕ್ ಗಂಟೆಗ್ ಎದ್ದ್ ಹಿಟ್ಟ್ ರುಬ್ಬುದೂ ಆಟವೇ.'

ಮಾತಿನಲ್ಲಿ ಸೋತ ಅಣ್ಣಂದಿರು ಮಾಡುವ ಹಾಗೆ, ನಾಳೆ ನೋಡುವ ಎಂದೆ.

ಮರುದಿನ ಬೆಳಿಗ್ಗೆ ಪಿ.ಟಿ. ಮಾಸ್ಟರ್ ಹೋಟೆಲಿಗೆ ಬಂದರು. ಹೇಗೆ ಸುದ್ದಿ ತಿಳಿಯಿತೋ. ನಾನೇ ಎಲೆ ಹಾಕಿ, ನಾನೇ ರವೆ ದೋಸೆ ಹುಯ್ದು ತಂದೆ. ಎರಡು ಕಾಫಿ ಕುಡಿದರು. 'ತಂಬಿ, ಅವಳು ನಮ್ಮ ಮನೆ ಮಗಳ ಹಾಗೆ. ಎರಡೂವರೆ ವರ್ಷ ಸಾಪ್ಪಾಡು ಹಾಕಿದ್ದೇವೆ. ಈಗ ಅರ್ಜಿ ಗಿರ್ಜಿ ಅಂದರೆ ನೀನೇ ಹೇಳು, ಧರ್ಮವಾ?' ಎಂದು ತಮಿಳಿನಲ್ಲಿ ಕೇಳಿದರು. ಜೇಬಿನಿಂದ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಕಾಗದ ತೆಗೆದರು.

ಇಂಗ್ಲಿಷ್ ಓದಲು ಬಾರದವನಿಗೆ ಮೋಸ ಮಾಡಿದರು ಎಂದು ಇಲ್ಲಿ ಬರೆಯಬಹುದಿತ್ತು. ನನಗೆ ನಾನು ಬಹಳ ವರ್ಷ ಹಾಗೆಯೇ ಹೇಳಿಕೊಂಡೆ. ಅದು ಸುಳ್ಳು. ಅದರಲ್ಲಿ ಏನಿದೆ ಎಂದು ಅವರು ಬಿಡಿಸಿ ಹೇಳಿದ್ದರು. ಮನೆಯ ಕಾರಣದಿಂದ ಸುಮತಿ ತಾನಾಗಿಯೇ ಕಾಲೇಜು ಬಿಡುತ್ತಿದ್ದಾಳೆ, ಕಾಲೇಜಿನ ಮೇಲೆ ಮನೆಯವರ ದೂರಿಲ್ಲ. ಅಷ್ಟು ದೊಡ್ಡ ಮನುಷ್ಯರು ನನ್ನ ಎದುರು ಪೆನ್ನು ಹಿಡಿದು ಕಾದಿದ್ದು ಅದೇ ಮೊದಲು. ನಾನು ಕಲಿತ ಇಂಗ್ಲಿಷೆಂದರೆ ನನ್ನ ಸಹಿ ಮಾತ್ರ. ಕೈ ಒರೆಸಿಕೊಂಡು, ಚೆಂದವಾಗಿ ಹಾಕಿದೆ. ಅವರು ಬಿಲ್ ಕೇಳಿದಾಗ ಕ್ಯಾಶಿಯರಿಗೆ ಬೇಡವೆಂದು ಕೈ ಮಾಡಿದೆ.

ಅರ್ಜಿ ಹಿಡಿದು ಹೋದ ಹುಡುಗಿಯರಿಗೆ ಪ್ರಿನ್ಸಿಪಾಲರು ಕಾಗದ ತೋರಿಸದೆಯೇ, ಅವಳ ಮನೆಯವರೇ ಬರೆದುಕೊಟ್ಟಿದ್ದಾರಲ್ಲ ಎಂದರಂತೆ. ಸುಮತಿ ಎಲ್ಲರೆದುರು, 'ನನ್ನ ಅಣ್ಣ ಹಾಗೆ ಮಾಡುವವನಲ್ಲ, ಇವರು ಸುಳ್ಳು ಹೇಳುತ್ತಿದ್ದಾರೆ' ಎಂದಳು. ಹುಡುಗಿಯರು ಪ್ರಿನ್ಸಿಪಾಲರನ್ನೇ ನಂಬಿ, ಅವಳೇ ಒಳಗೊಳಗೆ ಒಪ್ಪಿಕೊಂಡಿದ್ದಾಳೆ ಎಂದುಕೊಂಡು ದೂರವಾದರು. ಮುಂದಿನ ಪಂದ್ಯಕ್ಕೆ ಇಳಿದರು. ಇದನ್ನೆಲ್ಲ ಅವಳು ನನಗೆ ಅಳುತ್ತ ಹೇಳಿದಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ನನ್ನ ಕಣ್ಣೀರಿಗೂ ಕಾರಣ ಹುಡುಕಬೇಕಾಗಲಿಲ್ಲ.

ಮುಂದೆ ಅವಳು ಅಂಚೆ ಶಿಕ್ಷಣದಲ್ಲಿ ಪದವಿ ಮುಗಿಸಿದಳು, ಮದುವೆಯಾದಳು, ಕ್ರೋಂಪೇಟೆಯಲ್ಲೇ ಮನೆ ಮಾಡಿದಳು. ಈಗ ಸಂಜೆ ಹೊತ್ತು ಒಂದು ಶಾಲೆಯ ಮೈದಾನದಲ್ಲಿ ಹುಡುಗಿಯರಿಗೆ ವಾಲಿಬಾಲ್ ಹೇಳಿಕೊಡುತ್ತಾಳೆ. ಮೆಟ್ಟಿಲಿಳಿಯುವಾಗ ಬಲಗಾಲು ಸ್ವಲ್ಪ ತಡೆಯುತ್ತದೆ. ತಿಂಗಳಿಗೊಮ್ಮೆ ಅವಳ ಮನೆಗೆ ಹೋಗುತ್ತೇನೆ. ಅವಳು ಅಲ್ಲಿ ಮನೆ ಮಾಡಿದ ಈ ಹತ್ತು ವರ್ಷದಲ್ಲಿ ನೂರಕ್ಕೂ ಹೆಚ್ಚು ಸಲ ಹೋಗಿದ್ದೇನೆ, ಒಂದು ಮಾತು ಮಾತ್ರ ಹೇಳದೆ ಬಂದಿದ್ದೇನೆ.

ಕಳೆದ ತಿಂಗಳು ಅವಳ ಮನೆ ಮುಟ್ಟಿದಾಗ ರೈಲಿನ ಆ ಸ್ಪ್ರೇ ವಾಸನೆ ಮೂಗಿನಲ್ಲಿ ಹಾಗೆಯೇ ಇತ್ತು. ಚಪ್ಪಲಿ ಬಿಚ್ಚುವ ಮೊದಲೇ ಹೇಳಿಬಿಟ್ಟೆ. ಕಾಗದ, ಸಹಿ, ದೋಸೆ, ಎಲ್ಲವನ್ನೂ.

ಸುಮತಿ ಕೂತಲ್ಲೇ ಮೊಣಕಾಲು ತಿಕ್ಕಿಕೊಂಡಳು. ಆಮೇಲೆ ಕೇಳಿದಳು.

'ಬಿಲ್ಲೂ ತಕಣ್ಲಿಲ್ಯಾ?'

'ಇಲ್ಲೆ.'

'ಎರಡ್ ಕಾಫಿದೂ?'

'ಇಲ್ಲೆ.'

ಅವಳು ನಕ್ಕಳೋ ಇಲ್ಲವೋ ನೋಡುವ ಧೈರ್ಯ ನನಗಾಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಡಲೆಂದು ಎದ್ದಾಗ ಹೊರಗೆ ಬಂದು, ಮುಖ ಕೊಡದೆ ಹೇಳಿದಳು. 'ಆಯ್ತವಾರ ಮೈದಾನಕ್ಕ್ ಬಾ. ಒಂದ್ ಕಾಲೇಜಿನವ್ರ್ ನನ್ ಹುಡ್ಗೀರಿಗ್ ಆಟದ್ ಕೋಟಾದ್ ಫಾರ್ಮ್ ಕೊಟ್ಟಿದ್ರ್. ಅಪ್ಪ ಅಮ್ಮ ಎಲ್ಲ ಬತ್ರ್. ಓದ್ದೆ ಸಹಿ ಹಾಕ್ಬೇಡಿ ಅಂದ್ ನಾ ಹೇಳಿದ್ರೆ ಕೇಂತಿಲ್ಲೆ ಅವ್ರ್. ನೀ ಮಾಡಿದ್ದ್ ಎಂತ ಅಂದ್ ನೀನೇ ಹೇಳ್.'

ಹೋದೆ. ಆಟೋ ಓಡಿಸುವವರು, ಇಸ್ತ್ರಿ ಮಾಡುವವರು, ಹೂ ಕಟ್ಟುವ ಒಬ್ಬ ತಾಯಿ. ಎಲ್ಲರ ಕೈಯಲ್ಲೂ ಕಾಗದ. ನನಗೆ ಬಂದ ತಮಿಳಿನಲ್ಲಿ ಎಲ್ಲವನ್ನೂ ಹೇಳಿದೆ. ಹೂವಿನಾಕೆ ಕೇಳಿದಳು, 'ಊಟ ಹಾಕುತ್ತಾರಲ್ಲ ಅಣ್ಣಾ, ಅದರ ಮೇಲೆ ಹೇಗೆ ಕೇಳುವುದು?'

ನನ್ನದೇ ಮಾತು ಎದುರಿಗೆ ಬಂದು ಕೂತಿತ್ತು. 'ಊಟ ಆಡಿದ್ದಕ್ಕೆ ಕೂಲಿ ಅಮ್ಮಾ, ದಾನ ಅಲ್ಲ. ಆಡಿಸಿದವರು ಕಾಲನ್ನೂ ನೋಡಬೇಕು. ನಮ್ಮ ಹೋಟೆಲಿನಲ್ಲೇ ನೋಡುತ್ತಾರೆ' ಎಂದೆ. ಆಕೆ ಕಾಗದವನ್ನು ಮಡಚಿ ಹೂಬುಟ್ಟಿಯ ಅಡಿಗೆ ಇಟ್ಟಳು. ಯಾರ ಹತ್ತಿರವಾದರೂ ಪೂರ್ತಿ ಓದಿಸಿ ಆಮೇಲೆ ಸಹಿ ಎಂದಳು.

ಸುಮತಿ ಮೈದಾನದ ಆ ತುದಿಯಲ್ಲಿ ಸೀಟಿ ಊದುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ಹೊರಡುವಾಗ ಮಾತ್ರ, 'ಮುಂದಿನ್ ವಾರ ಮತ್ತ್ ನಾಲ್ಕ್ ಜನ ಬತ್ರ್' ಎಂದಳು.

ನಿನ್ನೆ ಹೋಟೆಲಿನಲ್ಲಿ ಧಣಿಯ ಮಗನ ಹತ್ತಿರ ಭಾನುವಾರಕ್ಕೆ ಮತ್ತೆ ರಜೆ ಕೇಳಿದೆ. ಬಾಯಿಬಿಟ್ಟು ಕೇಳಿದೆ. ಎಂತಕ್ಕೆ ಎಂದ. ನಾನು ಸಹಿ ಮಾಡಿದ್ದನ್ನು ಹೇಳಲಿಕ್ಕಿದೆ ಎಂದೆ.