ನೋರೀನಳ ನಿಂಬೆಗಿಡಕ್ಕೆ ಬಂದ ಕಾಯಿಲೆ

ಬೆಂಡಿಗೋ ಊರಿನ ಆ ಬೀದಿಯಲ್ಲಿ ಹಿತ್ತಿಲ ಗಿಡಗಳಿಗೆಲ್ಲ ಕ್ಲಾರಿ ಮುದುಕನೇ ಧನ್ವಂತರಿ. ನೋರೀನಳ ನಿಂಬೆಗಿಡದ ಎಲೆಯಂಚು ಸುಟ್ಟಂತಾಗಿದೆಯೆಂದು ಕರೆ ಬಂತು. ಕ್ಲಾರಿ ಬುಡದ ಮಣ್ಣು ಕೆದಕಿ ಮೂಸಿದವನೇ ಮೂಗು ಮುಚ್ಚಿಕೊಂಡ.

“ರೋಗ ಏನೂ ಇಲ್ಲ ಕಣಮ್ಮ. ಶನಿವಾರ ನಿಮ್ಮನೇಲಿ ಮಾಂಸ ಸುಟ್ಕೊಂಡು ಬಿಯರ್ ಕುಡಿಯೋ ಗಂಡಸ್ರೆಲ್ಲ ಇಲ್ಲೇ ಉಚ್ಚೆ ಹೊಯ್ತಾರೆ. ಉಪ್ಪು ಜಾಸ್ತಿಯಾಗಿ ಬೇರು ಬೆಂದಿದೆ.”

“ನಿಂಬೆಗೆ ಅದೇ ಗೊಬ್ಬರ ಅಂದೋನು ನೀನೇ ಅಲ್ವಾ?”

“ನಾನು ಹೇಳಿದ್ದು ನಿನ್ನ ಗಂಡ ಒಬ್ಬನಿಗೆ, ಇಡೀ ಫುಟ್‌ಬಾಲ್ ತಂಡಕ್ಕಲ್ಲ. ಅವರನ್ನೆಲ್ಲ ಒಳಗಿನ ಕಕ್ಕಸಿಗೆ ಅಟ್ಟು. ಗಿಡಕ್ಕೆ ಧಾರಾಳವಾಗಿ ನೀರು ಬಿಡು, ಸಾಕು.”

ನೋರೀನ್ ಒಳಗೆ ಹೋಗಿ ಅದೇ ಗಿಡದ ಹಣ್ಣು ಹಿಂಡಿದ ಪಾನಕ ತಂದುಕೊಟ್ಟಳು. ಕ್ಲಾರಿ ಲೋಟವನ್ನು ದಿಟ್ಟಿಸಿ ನೋಡಿ ಮೆಲ್ಲಗೆ ಕೆಳಗಿಟ್ಟ.

“ನಂಗೂ ಬರೀ ನೀರೇ ಕೊಡು.”