ಹನ್ನೊಂದು ಮನೆಯ ಹುಳ

ಎರ್ರಕುಂಟೆ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ರಾಮಾಂಜಿನಪ್ಪನವರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ ಎಂದು ಅವರೇ ಹೇಳಿಕೊಂಡು ತಿರುಗುತ್ತಿದ್ದರು. ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ, ಜೇಬಿನಲ್ಲಿ ನಶ್ಯದ ಡಬ್ಬಿ. ಹುಟ್ಟಿದ್ದು ಮಂಚೇನಹಳ್ಳಿ ಕಡೆ, ಕಡಲೆಕಾಯಿ ಬೆಳೆಯುವ ಮನೆಯಲ್ಲಿ. ಶಿಡ್ಲಘಟ್ಟದಾಚೆಯ ಈ ರೇಷ್ಮೆ ಹಳ್ಳಿಗೆ ವರ್ಗವಾಗಿ ಬಂದು ಏಳು ವರ್ಷವಾದರೂ ಒಂದು ದಿನ ಹುಳ ಮುಟ್ಟಿದವರಲ್ಲ. ಅದೂ ನನಗೆ ಗೊತ್ತು ಎನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಅವರ ತಲೆಗೆ ಆಟದ ಕೂಟ ಕಟ್ಟುವ ಹುಚ್ಚು ಹತ್ತಿಸಿದ್ದು ಅಮೆರಿಕದಿಂದ ಶಾಲೆಗೆ ಪುಕ್ಕಟೆ ಬರುತ್ತಿದ್ದ ಒಂದು ಪತ್ರಿಕೆ. ಅದರಲ್ಲೊಂದು ಫೋಟೋ. ತಲೆಗೆ ಬುರುಡೆ ಟೋಪಿ, ಮುಖಕ್ಕೆ ಕಂಬಿ, ಭುಜಕ್ಕೆ ದಿಂಬು ಕಟ್ಟಿಕೊಂಡ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಮೇಷ್ಟ್ರು ಹೌಹಾರಿದರು. "ಇದಕ್ಕೆ ಫುಟ್‌ಬಾಲ್ ಅಂತಾರಾ? ಕಾಲೇ ಕಾಣಿಸ್ತಿಲ್ಲವಲ್ರೀ!" ಎಂದು ಕೂಗಿಕೊಂಡರು. ಇಂಗ್ಲಿಷ್ ಮೇಷ್ಟ್ರು ಕೆಳಗಿನದನ್ನು ಓದಿ ಹೇಳಿದರು: ದೊಡ್ಡ ಕಾಲೇಜುಗಳು ಕಣ್ಣೆತ್ತಿಯೂ ನೋಡದ ಏಳೆಂಟು ಸಣ್ಣ ಕಾಲೇಜುಗಳು ಸೇರಿ ತಮ್ಮದೇ ಒಂದು ಕೂಟ ಮಾಡಿಕೊಂಡು, ವರ್ಷ ವರ್ಷ ತಮ್ಮೊಳಗೇ ಆಡುತ್ತವಂತೆ.

ಅಷ್ಟೇ ಸಾಕಾಯಿತು. ಐವತ್ತೆಂಟನೇ ಇಸವಿಯಲ್ಲಿ ಮೇಷ್ಟ್ರು ಚಪ್ಪಲಿ ಸವೆಯುವಷ್ಟು ಓಡಾಡಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಿಂದ ಒಂದೊಂದು ಹೈಸ್ಕೂಲನ್ನು ಒಪ್ಪಿಸಿ ಫುಟ್‌ಬಾಲ್ ಕೂಟ ಕಟ್ಟಿದರು. ನಮ್ಮ ಮಾಮೂಲಿ ಕಾಲಿನ ಫುಟ್‌ಬಾಲು. ಅವರೇ ಕಾರ್ಯದರ್ಶಿ. ಆದರೆ ಅವರ ಸ್ವಂತ ಶಾಲೆಗೇ ಅಲ್ಲಿ ಜಾಗ ಸಿಗಲಿಲ್ಲ! ಎಂಬತ್ತು ಹುಡುಗರ ಹಳ್ಳಿ ಶಾಲೆ ನಮಗೆ ಸಮನಾ ಎಂದರು ಪೇಟೆಯವರು. ಐದು ವರ್ಷ ಮೇಷ್ಟ್ರು ಬೇರೆಯವರ ಆಟಕ್ಕೆ ಸೀಟಿ ಊದಿದರು. ಅದು ಅವರಿಗೆ ಎಷ್ಟು ಉರಿಯುತ್ತಿತ್ತೆಂಬುದು ಅವರ ಹೆಂಡತಿ ವರಲಕ್ಷ್ಮಮ್ಮನಿಗೇ ಗೊತ್ತು.

ಅರವತ್ತಮೂರರಲ್ಲಿ ಕೊನೆಗೂ ಎರ್ರಕುಂಟೆಯನ್ನು ಸೇರಿಸಿಕೊಂಡರು. ಚಿಂತಾಮಣಿ ತಂಡದ ಡ್ರಿಲ್ ಮೇಷ್ಟ್ರು ಬಯ್ಯಪ್ಪನವರು ಸಭೆಯಲ್ಲೇ ಮೂಗು ಮುರಿದರು.

"ನಿಮ್ಮ ಹುಡುಗರು ಸೊಪ್ಪು ಕುಯ್ಯೋದು ಬಿಟ್ಟು ಬರ್ತಾರೇನ್ರೀ ರಾಮಾಂಜಿನಪ್ಪ? ಒಂದು ಪಂದ್ಯಕ್ಕೆ ಬರದಿದ್ರೂ ಹೆಸರು ಹೊಡೆದು ಹಾಕ್ಬೇಕು."

ಮೇಷ್ಟ್ರಿಗೆ ರೇಗಿತು. "ನಮಗೊಬ್ಬರಿಗೇ ಯಾಕ್ರೀ? ಹನ್ನೊಂದು ಜನಾನ ನಿಲ್ಲಿಸದ ಶಾಲೆ ಯಾವುದೇ ಇರಲಿ, ಕೂಟದಿಂದ ಆಚೆಗೆ!" ಎಂದು ಅಲ್ಲೇ ಕೂತು ಕೂಟದ ಪುಸ್ತಕದಲ್ಲಿ ಕಾನೂನು ಬರೆದು ರುಜು ಹಾಕಿದರು.

ಬರೆದದ್ದೇನೋ ಆಯಿತು. ಊರಿಗೆ ಬಂದು ನೋಡಿದರೆ ಅಭ್ಯಾಸಕ್ಕೆ ಹುಡುಗರು ನೆಟ್ಟಗೆ ಬಂದರೆ ತಾನೇ? ಈ ವಾರ ಈ ಮನೆಯಲ್ಲಿ ಹುಳ ದೊಡ್ಡದಾಗಿ ಸೊಪ್ಪಿನ ಕೆಲಸ ಹೆಚ್ಚಾದರೆ ಆ ವಾರ ಆ ಮನೆಯಲ್ಲಿ. ಯಾವಾಗ ನೋಡಿದರೂ ಇಬ್ಬರೋ ಮೂವರೋ ಇಲ್ಲ. ಮೇಷ್ಟ್ರು ತಲೆ ಓಡಿಸಿದರು. ಹನ್ನೊಂದು ಮನೆಗೂ ಹೋಗಿ ಕಾಡಿಬೇಡಿ, ಎಲ್ಲರೂ ಒಂದೇ ದಿನ ಮೊಟ್ಟೆ ತರುವ ಹಾಗೆ ಒಪ್ಪಿಸಿದರು. ಮೊಟ್ಟೆ ತಂದ ಇಪ್ಪತ್ತೆಂಟು ದಿನಕ್ಕೆ ಹುಳ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತದೆ. ಫೈನಲ್ ಇದ್ದದ್ದು ಇಪ್ಪತ್ತೈದನೇ ದಿನ. ಮೂರು ದಿನ ಮಿಕ್ಕುತ್ತದಲ್ಲ ಎಂದು ಮೇಷ್ಟ್ರು ಒಂದು ಚಿಟಿಕೆ ನಶ್ಯ ಏರಿಸಿದರು. ಹುಡುಗರು ಒಟ್ಟಿಗೆ ಬಂದರು, ಒಟ್ಟಿಗೆ ಆಡಿದರು, ಗೌರಿಬಿದನೂರನ್ನು ಸೋಲಿಸಿ ಚಿಂತಾಮಣಿಯ ಎದುರು ಫೈನಲ್ಲಿಗೂ ಬಂದರು.

ಫೈನಲ್ ಇದ್ದದ್ದು ಭಾನುವಾರ ಮಧ್ಯಾಹ್ನ ಮೂರಕ್ಕೆ, ಚಿಂತಾಮಣಿಯಲ್ಲಿ. ಬೆಳಿಗ್ಗೆಯೇ ಮೇಷ್ಟ್ರು ಚೆಂಡು ಹಿಡಿದು ಬಸ್ಸಿಗೆ ಕಾದರು. ಎಂಟೂವರೆಯ ಬಸ್ಸು ಬಂತು, ಹೋಯಿತು. ಒಬ್ಬನೇ ಒಬ್ಬ ಹುಡುಗ ಬರಲಿಲ್ಲ. ಗೋಲ್ ಕಾಯುವ ಆವಲಪ್ಪನ ಮನೆಗೆ ಓಡಿದರು. ಬಾಗಿಲಲ್ಲೇ ಅವನ ತಾಯಿ ಮುನಿಗಂಗಮ್ಮ ಎರಡೂ ಕೈ ಚಾಚಿ ತಡೆದಳು.

"ಅಲ್ಲೇ ನಿಂತ್ಕೊಳ್ಳಿ ಸಾರ್! ನಶ್ಯದ ಕೈಲಿ ಒಳಕ್ಕೆ ಬರ್ಬೇಡಿ. ಹೊಗೆಸೊಪ್ಪಿನ ವಾಸನೆ ತಾಕಿದ್ರೆ ಹುಳ ಸತ್ತೋಗ್ತದೆ."

"ಆವಲಪ್ಪ ಎಲ್ಲಮ್ಮ? ಬಸ್ಸು ಹೋಗೇ ಹೋಯ್ತಲ್ಲ!"

"ಎಲ್ಲಿಗೆ ಬರ್ತಾನೆ ಸಾರ್? ಹುಳ ಹಣ್ಣಾಗ್ಬಿಟ್ಟೈತೆ. ಈಗ ಆಯ್ದು ಚಂದ್ರಂಕಿಗೆ ಏರಿಸದಿದ್ರೆ ತಟ್ಟೇಲೇ ನೂಲು ಬಿಟ್ಟು ಹಾಳಾಗ್ತದೆ. ಇರೋರು ನಾವಿಬ್ಬರೇ."

ಅವಳ ಹಿಂದೆ, ಹುಳ ಗೂಡು ಕಟ್ಟುವ ಬಿದಿರಿನ ದೊಡ್ಡ ಚಂದ್ರಂಕಿಗಳು ಗೋಡೆಗೆ ಒರಗಿದ್ದವು. ಆವಲಪ್ಪ ಹೊನ್ನಿನ ಬಣ್ಣಕ್ಕೆ ತಿರುಗಿದ ಹುಳಗಳನ್ನು ಒಂದೊಂದಾಗಿ ಎತ್ತಿ ಅದರ ಮೇಲೆ ಬಿಡುತ್ತಿದ್ದ. ಮೇಷ್ಟ್ರ ಕಡೆ ತಲೆ ಎತ್ತಲಿಲ್ಲ. ಅಳುತ್ತಿದ್ದ ಪಾಪ.

"ಇನ್ನೂ ಮೂರು ದಿನ ಇತ್ತಲ್ಲಮ್ಮಾ!"

"ಈ ಸೆಕೆಗೆ ಮೂರು ದಿನ ಮುಂಚೇನೇ ಆಗ್ತದೆ ಸಾರ್. ಚಳಿಗೆ ನಿಧಾನ, ಸೆಕೆಗೆ ಬೇಗ. ಅಷ್ಟೂ ಗೊತ್ತಿಲ್ವಾ ನಿಮಗೆ?"

ಗೊತ್ತಿರಲಿಲ್ಲ. ಏಳು ವರ್ಷದಿಂದ ಆ ಊರಿನಲ್ಲಿದ್ದ ಮನುಷ್ಯನಿಗೆ ಅಷ್ಟೂ ಗೊತ್ತಿರಲಿಲ್ಲ! ಇನ್ನೂ ಹತ್ತು ಮನೆಗಳಲ್ಲಿ ಇದೇ ಕಥೆ ಎಂದು ಮೇಷ್ಟ್ರಿಗೆ ಹೊಳೆಯಿತು. ಹಿಂದಿನಂತೆ ಬಿಟ್ಟಿದ್ದರೆ ಇಬ್ಬರೋ ಮೂವರೋ ತಪ್ಪುತ್ತಿದ್ದರು, ಬೇರೆಯವರನ್ನು ನಿಲ್ಲಿಸಬಹುದಿತ್ತು. ಈಗ ಭಾನುವಾರದ ಹೊತ್ತಿನಲ್ಲಿ ಹನ್ನೊಂದು ಜನಕ್ಕೂ ಬದಲಿ ಎಲ್ಲಿಂದ ತರುವುದು? ಹನ್ನೊಂದೂ ಮನೆಯ ಹುಳ ಒಂದೇ ದಿನ ಹಣ್ಣಾಗುವಂತೆ ಮಾಡಿದವರು ಅವರೇ. ಬಾರದ ತಂಡ ಆಚೆಗೆ ಎಂದು ಬರೆದವರೂ ಅವರೇ. ಐದು ವರ್ಷ ಕಾದು ಸಿಕ್ಕ ಜಾಗ ಇವತ್ತು ಮೂರು ಗಂಟೆಗೆ ಹೋಗುತ್ತದೆ. ಜಗಲಿಯ ಮೇಲೆ ಕುಸಿದು ಕೂತರು.

"ನಮಗೆ ಬೇಕಾಗಿರೋದು ಕೈ ಸಾರ್," ಎಂದಳು ಮುನಿಗಂಗಮ್ಮ. "ಯಾರ ಕೈಯಾದ್ರೇನು? ಸ್ನಾನ ಮಾಡಿರ್ಬೇಕು, ಬೀಡಿ ನಶ್ಯ ಮುಟ್ಟಿರ್ಬಾರದು. ಅಷ್ಟೇ."

ಮೇಷ್ಟ್ರು ದಡಬಡ ಎದ್ದರು. ಹೆಡ್‌ಮಾಸ್ಟರ್ ವೆಂಕಟರವಣಪ್ಪನವರ ಮನೆಗೆ ಓಡಿ, ಬಾಗಿಲು ಬಡಿದು, "ಸಾರ್, ಹುಳ ಆಯೋಕೆ ಬನ್ನಿ!" ಎಂದರು. ಹೆಡ್‌ಮಾಸ್ಟರ್ ದಂಗಾದರು. ಇವರಿಗೆ ಬಿಸಿಲು ನೆತ್ತಿಗೇರಿದೆ ಎಂದುಕೊಂಡರಂತೆ. ವಿಷಯ ತಿಳಿದ ಮೇಲೆ ಕೋಟು ಕಳಚಿಟ್ಟು, ತಲೆಗೆ ನಾಲ್ಕು ಚೊಂಬು ನೀರು ಹುಯ್ದುಕೊಂಡು ಹೊರಟೇಬಿಟ್ಟರು. ಆರು ಜನ ಮೇಷ್ಟ್ರುಗಳು, ಜವಾನ, ಅಂಚೆಯವನು, ವರಲಕ್ಷ್ಮಮ್ಮ. ಹೆಡ್‌ಮಾಸ್ಟರೂ ಸೇರಿ ಒಬ್ಬೊಬ್ಬರು ಒಂದೊಂದು ಮನೆಗೆ. ಎಣಿಸಿದರೆ ಹತ್ತೇ. ಉಳಿದದ್ದು ಆವಲಪ್ಪನ ಮನೆ, ಉಳಿದ ಕೈ ರಾಮಾಂಜಿನಪ್ಪನವರದು. ನಶ್ಯದ ಡಬ್ಬಿ ಆಚೆಗಿಟ್ಟು, ಮಿಂದು, ಹುಣಸೆಹಣ್ಣು ಹಚ್ಚಿ ಮೂರು ಸಲ ಕೈ ತಿಕ್ಕಿ ತೊಳೆದುಕೊಂಡು, ಹನ್ನೆರಡರ ಬಸ್ಸಿಗೆ ಹನ್ನೊಂದು ಹುಡುಗರನ್ನೂ ಹತ್ತಿಸಿ, ಅವರು ಒಳಕ್ಕೆ ಹೋಗಿ ಹುಳದ ಮುಂದೆ ಕೂತರು.

"ಅದು ಹಸಿ ಹುಳ ಸಾರ್, ಬಿಡಿ! ಇನ್ನೂ ಸೊಪ್ಪು ತಿನ್ನೋದು ಅದು!" ಮುನಿಗಂಗಮ್ಮ ಗದರಿದಳು. ಹುಡುಗರನ್ನು ಗದರುತ್ತಿದ್ದ ಮನುಷ್ಯ ಹುಳವನ್ನು ಮತ್ತೆ ಸೊಪ್ಪಿನ ಮೇಲೆ ಬಿಟ್ಟರು. ಮೂರು ಗಂಟೆಯಾಯಿತು. ಈಗ ಶುರುವಾಗಿರುತ್ತದೆ ಎಂದುಕೊಂಡರು. ಅವರು ಕಟ್ಟಿದ ಕೂಟದಲ್ಲಿ ಅವರ ಹುಡುಗರ ಫೈನಲ್ಲು, ಅದನ್ನು ನೋಡುವ ಯೋಗ ಅವರಿಗಿರಲಿಲ್ಲ.

ಐದು ಗಂಟೆಗೇ ಹುಡುಗರು ವಾಪಸ್ಸು ಬಂದರು. ಇಷ್ಟು ಬೇಗ? ಆವಲಪ್ಪನ ಕೈಯಲ್ಲಿ ಟವಲಿನಲ್ಲಿ ಸುತ್ತಿದ ಕಪ್ಪು.

"ಆಡಲೇ ಇಲ್ಲ ಸಾರ್. ಅವರು ಆರೇ ಜನ ಬಂದಿದ್ರು. ಕೈವಾರದ ಕಡೆಯಿಂದ ಬರೋ ಐದು ಜನದ ಮನೇಲೂ ಹುಳ ಹಣ್ಣಾಗಿತ್ತಂತೆ. ಬಯ್ಯಪ್ಪ ಮೇಷ್ಟ್ರು ಮಣ್ಣಲ್ಲೇ ಕೂತ್ಬಿಟ್ರು. ಕಪ್ಪು ನಮಗೇ ಅಂತ ಅವರೇ ಚೀಟಿ ಬರೆದುಕೊಟ್ರು. ಅವರ ಶಾಲೆ ಹೆಸರು ಹೊಡೆದು ಹಾಕಿ ಅಂತಾನೂ ಬರ್ದವ್ರೆ."

ಮೇಷ್ಟ್ರು "ಹೋ!" ಎಂದು ಕೂಗಿ ಕಪ್ಪನ್ನು ಎತ್ತಿ ಹಿಡಿದರು. ಆ ಸಂತೋಷ ಸುಳ್ಳಲ್ಲ. ತಮ್ಮ ಶಾಲೆ ಉಳಿಯಿತು, ಕಪ್ಪು ಬಂತು, ಮೂಗು ಮುರಿದವನ ಮೂಗೇ ಮಣ್ಣಾಯಿತು. ಇನ್ನೇನು ಬೇಕು?

ಮುನಿಗಂಗಮ್ಮ ಹುಳದಿಂದ ಕಣ್ಣು ತೆಗೆಯದೆ ಕೇಳಿದಳು. "ಆ ಮನೆಗಳಿಗೆ ಕೈ ಕೊಡೋರು ಯಾರೂ ಹೋಗಲಿಲ್ವೇನೋ ಪಾಪ?"

ಮೇಷ್ಟ್ರ ನಗು ಅಲ್ಲಿಗೇ ನಿಂತಿತು. ಬೆಳಿಗ್ಗೆ ತಾವು ಜಗಲಿಯ ಮೇಲೆ ಕುಸಿದು ಕೂತ ಹಾಗೆಯೇ ಬಯ್ಯಪ್ಪನವರೂ ಮಣ್ಣಿನಲ್ಲಿ ಕೂತಿದ್ದರು. ಅದಕ್ಕೆ ತಮಗಾದ ಸಂತೋಷ ನೆನೆದು ಮೇಷ್ಟ್ರಿಗೇ ಗಾಬರಿಯಾಯಿತು.

ಮರುದಿನ ಎಂಟೂವರೆಯ ಬಸ್ಸಿಗೆ ಮೇಷ್ಟ್ರು ಚಿಂತಾಮಣಿಗೆ ಹೋಗಿ ಬಯ್ಯಪ್ಪನವರ ಮೇಜಿನ ಮೇಲೆ ಕಪ್ಪನ್ನಿಟ್ಟರು.

"ಏನ್ರೀ ಇದು? ಗೆದ್ದ ಕಪ್ಪು ಯಾರಾದ್ರೂ ವಾಪಸ್ ತರ್ತಾರೇನ್ರೀ?" ಬಯ್ಯಪ್ಪನವರ ಕಣ್ಣು ಅಗಲವಾಯಿತು.

"ಹುಳ ಗೂಡು ಕಟ್ಟಲಿ ಬಯ್ಯಪ್ಪ. ಆಮೇಲೆ ಆಡೋಣ."

"ಮತ್ತೆ ಕಾನೂನು?"

"ಅದನ್ನ ಬರೆದೋನು ಹುಳ ಕಂಡೋನಲ್ಲ, ಬಿಡ್ರೀ," ಎಂದು ಮೇಷ್ಟ್ರು ಕೂಟದ ಪುಸ್ತಕ ಬಿಚ್ಚಿ, ಪೆನ್ನು ತೆಗೆದು ಆ ಸಾಲಿನ ಮೇಲೆ ಗೀಟು ಎಳೆದರು.

ಹತ್ತು ದಿನದ ಮೇಲೆ ಆಟವಾಯಿತು. ಚಿಂತಾಮಣಿ ಏಳು ಗೋಲು ಹೊಡೆಯಿತು, ಎರ್ರಕುಂಟೆ ಒಂದೂ ಇಲ್ಲ. ಐದೂ ಶಾಲೆಗಳು ಕೂಟದಲ್ಲಿ ಉಳಿದವು. ರಾಮಾಂಜಿನಪ್ಪನವರು ಅರವತ್ತೊಂಬತ್ತರಲ್ಲಿ ನಿವೃತ್ತರಾಗುವವರೆಗೆ ಎರ್ರಕುಂಟೆ ಇನ್ನೊಂದು ಫೈನಲ್ ಕಾಣಲಿಲ್ಲ. ಅವರ ಕೈಗೆ ಕಪ್ಪು ಬಂದದ್ದು ಮುನಿಗಂಗಮ್ಮನ ಹುಳದ ಮನೆಯಲ್ಲಿ, ಅದೊಂದೇ ಸಂಜೆ.